ದುರುಗಮ್ಮನ ಕೊರಳಿನ ಆರು ಪದಕ

ನನ್ನ ಗಂಡನ ಎದೆಗೆ ದೇಶ ಆರು ಪದಕ ಚುಚ್ಚಿದೆ. ಆರೂ ನನ್ನ ಅತ್ತೆಯ ಕೈ ಸೇರಿ, ಅಲ್ಲಿಂದ ಜಗಳೂರು ಸೀಮೆಯ ಕರಿಗುಡ್ಡದಹಳ್ಳಿಯ ದುರುಗಮ್ಮನ ಕೊರಳು ಸೇರಿದವು. ಹೀಗೆಂದರೆ ನಗುವವರಿದ್ದಾರೆ. ನಗಲಿ ಬಿಡಿ. ನಾನು ಮಾತ್ರ ಈ ವಿಷಯಕ್ಕೆ ಬಹಳ ವರ್ಷ ಹಲ್ಲು ಕಡಿದಿದ್ದೇನೆ.

ನನ್ನ ಹೆಸರು ಅಂತರಘಟ್ಟಮ್ಮ, ತವರು ಸವಳಂಗ. ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಅಂತರಕ್ಕನ ಅಂಗಡಿ ಎಂದರೆ ಆಟೋದವರು ತಂದು ಬಿಡುತ್ತಾರೆ. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು, ನಾನೂ ಇಲ್ಲ ಅನ್ನುವುದಿಲ್ಲ. ನಮ್ಮ ಯಜಮಾನರು ದುರುಗೇಶ್, ನನಗೆ ಪೂರಾ ಉಲ್ಟಾ. ಅವರ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಆಳದ ಬಾವಿಯಿಂದ ಕೊಡ ಎತ್ತುವುದು ಸುಲಭ. ಇಪ್ಪತ್ತನಾಲ್ಕು ವರ್ಷ ನೌಕಾಪಡೆಯಲ್ಲಿದ್ದು, ಚೀಫ್ ಪೆಟ್ಟಿ ಆಫೀಸರ್ ಆಗಿ ನಿವೃತ್ತರಾದವರು. ಈಗ ನಮ್ಮ ಮನೆಯ ಹಿತ್ತಲಲ್ಲೇ ಮರಗೆಲಸ ಮಾಡುತ್ತಾರೆ. ಇವತ್ತಿಗೂ ಅಡುಗೆಮನೆಯನ್ನು ಗ್ಯಾಲಿ ಎನ್ನುತ್ತಾರೆ. ಅಂಗಳ ಗುಡಿಸು ಎನ್ನಲು ಡೆಕ್ ಗುಡಿಸು ಎನ್ನುತ್ತಾರೆ, ನಾನು ಪೊರಕೆ ತೋರಿಸುತ್ತೇನೆ.

ನೌಕಾಪಡೆಯಲ್ಲಿ ಅವರದು ಬಡಗಿ ಕೆಲಸ. ಹಡಗಿನಲ್ಲಿ ಬಡಗಿಗೇನು ಕೆಲಸ, ಕುರ್ಚಿ ಮಾಡುವುದಾ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ. ಬಾಂಬು ಹಾರಿಸುವವರು ನೂರು ಜನ ಇರಬಹುದು, ಹಡಗಿಗೆ ತೂತು ಬಿದ್ದಾಗ ಎಲ್ಲರೂ ಕೂಗುವುದು ಬಡಗಿಯನ್ನೇ. ತೂತು ಮುಚ್ಚುವುದು, ನೀರಿನ ಒತ್ತಡಕ್ಕೆ ಗೋಡೆ ಬಾಗಿದರೆ ತೊಲೆ ಆನಿಸಿ ನಿಲ್ಲಿಸುವುದು, ಇದು ನನ್ನ ಗಂಡನ ಕೆಲಸ. ಇದನ್ನು ಅವರು ಹೇಳಿಕೊಳ್ಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ.

ಕರಿಗುಡ್ಡದಹಳ್ಳಿಯಲ್ಲಿ ನೀರೆಂದರೆ ಬೋರ್‌ವೆಲ್ ಮುಂದೆ ಇಟ್ಟ ಕೊಡಗಳ ಸಾಲು. ಈಜುವುದಿರಲಿ, ಮೊಣಕಾಲು ಮುಳುಗುವಷ್ಟು ನೀರನ್ನೇ ಅಲ್ಲಿನ ಹುಡುಗರು ಕಂಡವರಲ್ಲ. ಅಂಥ ಊರಿನಿಂದ ಇವರು ದಾವಣಗೆರೆಗೆ ಐಟಿಐ ಓದಲು ಹೋದರು. ಗೆಳೆಯನೊಬ್ಬ ನೌಕಾಪಡೆಗೆ ಅರ್ಜಿ ಹಾಕಿದನೆಂದು ತಾವೂ ಹಾಕಿದರು. ಗೆಳೆಯನಿಗೆ ಸಿಗಲಿಲ್ಲ, ಇವರಿಗೆ ಸಿಕ್ಕಿತು. ಮನೆಗೆ ಬಂದು ಹೇಳಿದಾಗ ನನ್ನ ಅತ್ತೆ ದೊಡ್ಡಕ್ಕ ರಾಗಿ ಬೀಸುತ್ತಿದ್ದರಂತೆ.

"ಸಮುದ್ರ ಅಂದ್ರೆ ಎಷ್ಟು ದೊಡ್ಡದೈತೆ ಮಗಾ? ನಮ್ಮೂರ ಗೋಕಟ್ಟೆಗಿಂತ ದೊಡ್ಡದಾ?"

"ಆಚೆ ದಡ ಕಾಣಂಗಿಲ್ಲಂತವ್ವಾ."

ಅತ್ತೆ ಕೈಯಲ್ಲಿದ್ದ ಹಿಟ್ಟನ್ನೂ ಕೊಡವಲಿಲ್ಲ. ಮಗನ ರಟ್ಟೆ ಹಿಡಿದು ನೆಟ್ಟಗೆ ದುರುಗಮ್ಮನ ಗುಡಿಗೆ ಎಳೆದುಕೊಂಡು ಹೋದರು. ಮಗನಿಗೆ ಹೆಸರಿಟ್ಟದ್ದೂ ಆ ಅಮ್ಮನದೇ. "ತಾಯೀ, ನನ್ನ ಮಗನಿಗೆ ಈಜಾಕೆ ಬರಲ್ಲ. ನೀನೇ ಅವನ ಎದೆ ಕಾಯಬೇಕು. ಅವನೆದೆಗೆ ಬಂದದ್ದೆಲ್ಲ ನಿನ್ನೆದೆಗೆ" ಎಂದು ಹರಕೆ ಕಟ್ಟಿದರು. ಮಗನ ಎದೆಗೆ ಏನು ಬರುತ್ತದೆಂದು ಆಗ ಅತ್ತೆಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿತ್ತೋ ಇಲ್ಲವೋ.

ಒಡಿಶಾದ ಚಿಲ್ಕಾದಲ್ಲಿ ತರಬೇತಿ. ಈಜು ಬಾರದವರನ್ನೆಲ್ಲ ಕೊಳದ ಅಂಚಿಗೆ ನಿಲ್ಲಿಸಿ ಹಿಂದಿನಿಂದ ತಳ್ಳಿದರಂತೆ. ನಮ್ಮವರು ಜೀವಮಾನದಲ್ಲಿ ಮಾಡಿರುವ ಒಂದೇ ತಮಾಷೆ ಅದರ ಬಗ್ಗೆ. "ಆ ಕೊಳದ ನೀರು ನಮ್ಮೂರಿಗೆ ಒಂದು ಬೇಸಿಗೆಗೆ ಸಾಕಾಗ್ತಿತ್ತು, ಅರ್ಧ ನಾನೇ ಕುಡಿದುಬಿಟ್ಟೆ" ಎನ್ನುತ್ತಾರೆ. ಆದರೂ ಕಲಿತರು. ಈಜನ್ನೂ ಕಲಿತರು, ಹಡಗಿನ ಬಡಗಿಯ ಕೆಲಸವನ್ನೂ ಕಲಿತರು. ಬಡಗಿ ಕೆಲಸದಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ. ನಮ್ಮ ಮಾವ ಹೊಲ ಉಳುವವರೇ ಆದರೂ ಊರಿನವರ ಕೂರಿಗೆ, ಕುಂಟೆ ಸಡಿಲವಾದರೆ ಅವರ ಹತ್ತಿರವೇ ತರುತ್ತಿದ್ದರು. ಎದುರುಬದುರು ಎರಡು ಬೆಣೆ ಇಟ್ಟು, ಎರಡೂ ಕಡೆಯಿಂದ ಸಮನಾಗಿ ಹೊಡೆದು ಬಿಗಿ ಮಾಡುವುದು ಮಾವನ ಕೈಗುಣ. ಇವರು ಅದನ್ನು ನೋಡುತ್ತಲೇ ಬೆಳೆದವರು. ಹಡಗಿನಲ್ಲೂ ತೊಲೆ ಬಿಗಿಯುವುದು ಹಾಗೆಯೇ, ಜೋಡಿ ಬೆಣೆಯಲ್ಲಿ.

ಮೊದಲನೆಯ ಪದಕ ಅಂಡಮಾನಿನಲ್ಲಿ ಸೇವೆ ಮಾಡಿದ್ದಕ್ಕೆ ಬಂದದ್ದು. ರಜಕ್ಕೆ ಬಂದಾಗ ಅದನ್ನು ತಾಯಿಗೆ ತೋರಿಸಿದರು. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಎದೆಗೆ ಹಾಕಿದ್ರಾ ಮಗಾ?" ಎಂದರು. ಇವರು ಹೂಂ ಎಂದರು. "ಹಂಗಾದ್ರೆ ಇದು ಅಮ್ಮಂದು." ಅಷ್ಟೇ, ಎದ್ದು ಹೋಗಿ ಕಪ್ಪು ದಾರದಲ್ಲಿ ಪೋಣಿಸಿ ಅಮ್ಮನ ಕೊರಳಿಗೆ ಕಟ್ಟಿಸಿ ಬಂದರು. ಮುಂದೆ ಒಂಬತ್ತು ವರ್ಷದ ಸೇವೆಯ ಪದಕ ಬಂತು. ಸ್ವಾತಂತ್ರ್ಯದ ಐವತ್ತನೇ ವರ್ಷದ್ದು ಬಂತು. ಬೇರೆ ದೇಶಕ್ಕೆ ಹೋಗಿ ಬಂದದ್ದಕ್ಕೆ ಒಂದು. ಎಲ್ಲವೂ ಬಂದ ದಾರಿಯಲ್ಲೇ ಗುಡಿಗೆ ಹೋದವು. ಅತ್ತೆ ಹುಣ್ಣಿಮೆಗೊಮ್ಮೆ ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುತ್ತಿದ್ದರು. ಸೇವೆಯಲ್ಲಿದ್ದಾಗ ಪರೇಡಿಗೆ ಬೇಕಲ್ಲ, ಇವರು ಮುಂಬಯಿಯ ಅಂಗಡಿಯಲ್ಲಿ ಸಿಗುವ ನಕಲು ಪದಕ ಕೊಂಡು ಹಾಕಿಕೊಳ್ಳುತ್ತಿದ್ದರು. ನಿವೃತ್ತಿಯ ದಿನ ಅದನ್ನೂ ಯಾರೋ ಕಿರಿಯನಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನು ಬೆಳ್ಳಿಯದು. ಅದರ ಕಥೆ ಬೇರೆ. ಇದನ್ನು ನನಗೆ ಹೇಳಿದ್ದು ಅವರಲ್ಲ, ಮುಂಬಯಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸು. ಆಕೆಯ ಗಂಡನೂ ಅದೇ ಹಡಗಿನಲ್ಲಿದ್ದ. ಅಷ್ಟು ದೊಡ್ಡ ಸುದ್ದಿಯನ್ನು ನಾನು ಕೇಳಿದ್ದು ಬಟ್ಟೆ ಒಣಹಾಕುತ್ತ.

ಮಳೆಗಾಲದ ಅರಬ್ಬೀ ಸಮುದ್ರ. ಅಲೆಯ ಹೊಡೆತಕ್ಕೆ ಹಡಗಿನ ತಳದ ಒಂದು ಕೋಣೆಯಲ್ಲಿ ಉಕ್ಕಿನ ತಗಡಿನ ಬೆಸುಗೆ ಬಿಟ್ಟು ನೀರು ನುಗ್ಗಿತು. ಒಳಗೆ ಇಳಿದವರು ಇಬ್ಬರು, ನಮ್ಮವರು ಮತ್ತು ನಂಬಿಯಾರ್ ಎಂಬ ಎಳೆಯ ಅಧಿಕಾರಿ. ಇಳಿದ ಕೂಡಲೇ ನಂಬಿಯಾರ್ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೀರು ಬೇರೆ ಕೋಣೆಗೆ ಹರಿಯಬಾರದೆಂದರೆ ಮೇಲಿನ ಬಾಗಿಲು ಮುಚ್ಚಲೇಬೇಕು. ಮುಚ್ಚಿದರೆ ಒಳಗಿದ್ದವರನ್ನು ದೇವರೇ ನೋಡಿಕೊಳ್ಳಬೇಕು. ಕಾಲು ಮುರಿದವರು ಏಣಿ ಹತ್ತಲಾರರು. ನಮ್ಮವರು ಹತ್ತಬಹುದಿತ್ತು. ಹತ್ತಲಿಲ್ಲ. "ಬಾಗಿಲು ಹಾಕಿ, ನಾನಿರುತ್ತೇನೆ" ಎಂದು ಮೇಲಕ್ಕೆ ಕೂಗಿದರು. ಹಾಸಿಗೆಯೊಂದನ್ನು ಬಿರುಕಿಗೆ ಒತ್ತಿ, ಅದರ ಮೇಲೆ ಹಲಗೆ ಇಟ್ಟು, ಎದುರು ಗೋಡೆಯಿಂದ ತೊಲೆ ಆನಿಸಿ, ನಮ್ಮ ಮಾವ ಕೂರಿಗೆಗೆ ಹೊಡೆಯುತ್ತಿದ್ದ ಹಾಗೆಯೇ ಎದುರುಬದುರು ಬೆಣೆ ಹೊಡೆದರು. ಅಷ್ಟರಲ್ಲಿ ನೀರು ಎದೆಮಟ್ಟ ಬಂದಿತ್ತು. ಆಮೇಲೆ ನಂಬಿಯಾರರನ್ನು ಹೆಗಲ ಮೇಲೆ ಕೂರಿಸಿಕೊಂಡು, ಪಂಪು ನೀರೆಳೆದು ಬಾಗಿಲು ತೆರೆಯುವವರೆಗೆ ಹಾಗೇ ನಿಂತಿದ್ದರು.

ಅದಕ್ಕೆ ನೌಸೇನಾ ಪದಕ ಬಂತು. ನೌಕಾಪಡೆಯ ಮುಖ್ಯಸ್ಥರೇ ಕೈಯಾರೆ ಎದೆಗೆ ಚುಚ್ಚಿದ್ದು, ನೋಡಲು ನಾನಿರಲಿಲ್ಲ. ಕಡು ನೀಲಿ ಪಟ್ಟಿಯ ನಡುವೆ ಒಂದು ಬಿಳಿ ಗೆರೆ, ಕೆಳಗೆ ಬೆಳ್ಳಿ. ನಾನು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಊರಿಗೆ ಹೋದಾಗ ಅತ್ತೆ ಮಗನ ಎದೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ನಮ್ಮವರು ತಾವೇ ಟ್ರಂಕು ತೆರೆದು ತಂದು ಕೊಟ್ಟರು.

"ರೀ, ಇದೊಂದಾದ್ರೂ ಇರ್ಲಿ ಬಿಡ್ರಿ!" ಎಂದೆ.

"ಬಾಗಿಲು ಹಾಕಿದ್ ಮ್ಯಾಲೆ ಒಳಗೆ ನನ್ನ ಜತೆ ಯಾರಿದ್ರು ಅಂತ ನಿನಗೇನು ಗೊತ್ತು?" ಎಂದರು. ಮುಂದೆ ಬಂದ ಇಪ್ಪತ್ತು ವರ್ಷದ ಸೇವೆಯ ಪದಕವೂ ಅದೇ ದಾರಿ ಹಿಡಿಯಿತು. ನಾನು ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿಕೊಳ್ಳುವುದೆಂದರೆ ಏನೆಂದು ಹೊನ್ನಾಳಿಯಲ್ಲಿ ಯಾರನ್ನಾದರೂ ಕೇಳಿ.

ಹೋದ ವರ್ಷ ಡಿಸೆಂಬರಿನಲ್ಲಿ ವಿಜಯ ದಿವಸಕ್ಕೆ ಹೊನ್ನಾಳಿಯ ಮಾಜಿ ಸೈನಿಕರು ಮೆರವಣಿಗೆ, ಸಭೆ ಎಂದು ಗೊತ್ತುಮಾಡಿದರು. ಮುಖ್ಯ ಅತಿಥಿ ಯಾರು ಗೊತ್ತೇ? ಅದೇ ನಂಬಿಯಾರ್. ಕಮಾಂಡರ್ ಆಗಿ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಒಪ್ಪಿಕೊಂಡ ದಿನವೇ ನಮ್ಮವರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನಾನೇ ಕೇಳಿದೆ. "ದುರುಗೇಶ್, ನೀನಿರೋ ಊರು ಅಂತ ಬರ್ತಾ ಇದೀನಿ. ಆ ಬೆಳ್ಳಿ ಮೆಡಲ್ ನಿನಗೆ ಕೊಟ್ಟ ದಿನ ನಾನು ಆಸ್ಪತ್ರೇಲಿದ್ದೆ. ಒಂದು ಸಲ ನಿನ್ನ ಎದೆ ಮೇಲೆ ನೋಡಬೇಕು. ಎಲ್ಲಾ ಹಾಕ್ಕೊಂಡು ನಿಲ್ಲು" ಎಂದರು. ಇವರು "ಯೆಸ್ ಸರ್" ಎಂದುಬಿಟ್ಟರು. ಫೋನ್ ಇಟ್ಟಮೇಲೆ ಹಿತ್ತಲಿಗೆ ಹೋಗಿ, ಕೀಸಿ ಮುಗಿಸಿದ್ದ ಹಲಗೆಯನ್ನೇ ಮತ್ತೆ ಕೀಸುತ್ತ ಕುಳಿತರು.

ಸಂಘದ ಅಧ್ಯಕ್ಷ ವಿರೂಪಾಕ್ಷಪ್ಪನವರು ಅಡಿಕೆ ವ್ಯಾಪಾರಿ, ಹಿಂದೆ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು. ಮಗಳ ರವಿಕೆ ಒಯ್ಯಲು ನನ್ನ ಅಂಗಡಿಗೆ ಬಂದಾಗ ಕೇಳಿದೆ, ನಮ್ಮವರಿಗೆ ಮೆರವಣಿಗೆಯಲ್ಲಿ ಎಲ್ಲಿ ಜಾಗ ಎಂದು.

"ಮೆಡಲ್ ಇದ್ದೋರು ನಡೀತಾರೆ, ಇಲ್ಲದೋರು ಕುರ್ಚಿ ಮ್ಯಾಲೆ ಕೂತು ನೋಡ್ತಾರೆ ಅಂತರಕ್ಕಾ. ನಿಮ್ಮೋರ ಎದೆ ಮ್ಯಾಲೆ ನಾವಂತೂ ಒಂದು ಬಿಲ್ಲೇನೂ ಕಂಡಿಲ್ಲ. ಹೆಂಗೂ ಬಡಗಿ ಅಲ್ವೇನ್ರಿ, ಕುರ್ಚಿ ಅಂದ್ರೆ ಅವರಿಗೂ ಖುಷೀನೇ!" ಎಂದು ನಕ್ಕರು.

ಕೈಯಲ್ಲಿ ಕತ್ತರಿ ಇತ್ತು. ದೇವರು ದೊಡ್ಡವನು, ಬಟ್ಟೆಯನ್ನೇ ಕತ್ತರಿಸಿದೆ.

ಆವತ್ತು ನಿಶ್ಚಯ ಮಾಡಿದೆ. ಆ ಆರು ಪದಕ ನನ್ನ ಗಂಡನ ಎದೆಯ ಮೇಲೆ ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, ನಂಬಿಯಾರರ ಕಣ್ಣೆದುರು ಇರಬೇಕು. ಮುಂಬಯಿಯಿಂದ ನಕಲು ತರಿಸೋಣವೇ ಎಂದು ಕೇಳಿದ್ದಕ್ಕೆ, "ಯಾರ ಮುಂದಾದ್ರೂ ನಡೀತದೆ, ಅವರ ಮುಂದೆ ನಕಲಿ ಹಾಕ್ಕಂಡು ನಿಲ್ಲಂಗಿಲ್ಲ" ಎಂದುಬಿಟ್ಟರು. ಮಾರನೆಯ ಬೆಳಿಗ್ಗೆ ಸವಳಂಗಕ್ಕೆ ಹೋಗುತ್ತೇನೆಂದು ಹೇಳಿ, ದಾವಣಗೆರೆ ಬಸ್ಸು ಹತ್ತಿ ಜಗಳೂರಿಗೆ ಹೋದೆ.

ಕರಿಗುಡ್ಡದಹಳ್ಳಿಯ ಗುಡಿಯ ಯಜಮಾನ ತಿಪ್ಪೇಶಪ್ಪ. ವರಸೆಯಲ್ಲಿ ನನಗೆ ಮಾವ. ಅಮ್ಮನ ಪೂಜೆಯೂ ಅವರದೇ, ಕಟ್ಟುಕಟ್ಟಳೆಯೂ ಅವರದೇ. ಗುಡಿಯ ಜಗಲಿಯ ಮೇಲೆ ಅವರೂ ಅತ್ತೆಯೂ ಕುಳಿತಿದ್ದರು. ಮೈದುನನ ಮನೆಯಲ್ಲಿರುವ ಅತ್ತೆಗೆ ದಿನದ ಅರ್ಧ ಹೊತ್ತು ಗುಡಿಯ ಜಗಲಿಯೇ ಮನೆ. ನಾನು ಬಂದ ಕಾರಣ ಹೇಳಿ ಮುಗಿಸುವ ಮೊದಲೇ ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು.

"ಕೊಟ್ಟಿದ್ದನ್ನ ತಿರುಗಿ ಇಸಕಂತಾರೇನೇ? ನನ್ನ ಮಗ ನೀರಿಂದ ಎದ್ದು ಬಂದಿದ್ದು ಹೆಂಗೆ ಅಂದ್ಕಂಡೀಯ? ಹರಕೆ ಮುರಿದು ಅವನಿಗೇನಾರ ಆದ್ರೆ?"

"ಅತ್ತೆ, ನಾನು ಕಿತ್ಕಂಡು ಹೋಗಾಕೆ ಬಂದಿಲ್ಲ. ಒಂದು ದಿನಕ್ಕೆ ಕೊಡ್ರಿ. ಸಂಜೆಗೆ ತಂದು ಕಟ್ತೀನಿ."

ತಿಪ್ಪೇಶಪ್ಪ ತಲೆಯಾಡಿಸಿದರು. "ಆಗಂಗಿಲ್ಲ ತಾಯಿ. ಅಮ್ಮನ ಒಡವೆ ಅಮ್ಮನ್ನ ಬಿಟ್ಟು ಹೊಸ್ತಿಲು ದಾಟಂಗಿಲ್ಲ. ನಮ್ಮಪ್ಪನ ಕಾಲದಾಗೂ ದಾಟಿಲ್ಲ, ಅವರಪ್ಪನ ಕಾಲದಾಗೂ ದಾಟಿಲ್ಲ. ಒಂದು ಬಳೆಚೂರು ಸೈತ."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ಅಮ್ಮನ್ನೇ ಕಳಿಸ್ರಿ ಮಾವ!" ಎಂದುಬಿಟ್ಟೆ.

ಬೈಗುಳ ಬೀಳುತ್ತದೆಂದು ಸೆರಗು ಬಿಗಿ ಮಾಡಿಕೊಂಡೆ. ತಿಪ್ಪೇಶಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ನಿಧಾನವಾಗಿ ಅತ್ತ ಉಗಿದು ಬಂದರು.

"ಅಮ್ಮ ಹೊಳೆ ಕಂಡು ಬಾಳ ವರ್ಷ ಆತು ದೊಡ್ಡಕ್ಕಾ" ಎಂದರು, ನನಗಲ್ಲ, ಅತ್ತೆಗೆ. "ಹೊಳೆಪೂಜೆಗೆ ಅಂತ ಹೊರಡಬೋದು. ಹೊನ್ನಾಳೀಲಿ ತುಂಗಭದ್ರೆ ಐತಲ್ಲ. ಯಾವ ಮನೆಯೋರು ಕರದ್ರೆ ಅಮ್ಮ ಹೊಂಡ್ತಾಳೋ ಆ ಮನೆ ಗಂಡಸೇ ಹೊಳೇಲಿ ಮಿಂದು ಅಮ್ಮನ್ನ ಎದೆಗೆ ಕಟ್ಕಂಡು ಊರೊಳಗೆ ನಡೀಬೇಕು. ಅದು ಕಟ್ಟಳೆ. ಆದ್ರೆ ಅಮ್ಮ ಒಪ್ಪಬೇಕಲ್ಲ. ಅಪ್ಪಣೆ ಕೇಳಾನ."

ಎದೆಗೆ ಕಟ್ಟಿಕೊಂಡು! ನನ್ನ ತಲೆಯೊಳಗೆ ದೀಪ ಹತ್ತಿದಂತಾಯಿತು. ದುರುಗಮ್ಮನ ಉತ್ಸವದ ಮೂರ್ತಿ ದೊಡ್ಡದಲ್ಲ, ಒಂದು ಹಲಗೆಗೆ ಕೂರಿಸಿದ ಹಿತ್ತಾಳೆಯ ಮುಖ, ಸೀರೆ, ಒಡವೆ. ಹೊರುವವನು ಅದನ್ನು ತನ್ನ ಎದೆಗೆ ಆನಿಸಿ, ಮುಖ ಮುಂದೆ ಮಾಡಿ, ಬಟ್ಟೆಯಿಂದ ಬಿಗಿದುಕೊಳ್ಳುತ್ತಾನೆ. ಅತ್ತೆಗೂ ಅದೇ ಹೊಳೆದಿರಬೇಕು. ನನ್ನ ಕಡೆ ತಿರುಗಿ ನೋಡಿದರು. ಅವರು ನನ್ನನ್ನು ಹಾಗೆ ಮೆಚ್ಚುಗೆಯಿಂದ ನೋಡಿದ್ದು ಮದುವೆಯಾದಮೇಲೆ ಅದೇ ಮೊದಲು.

ತಿಪ್ಪೇಶಪ್ಪ ಮಿಂದು ಬಂದು ಅಮ್ಮನ ಎರಡೂ ಭುಜಕ್ಕೆ ಹೂ ಇಟ್ಟರು. ಬಲಗಡೆಯದು ಬಿದ್ದರೆ ಹೊರಡುತ್ತಾಳೆ, ಎಡಗಡೆಯದು ಬಿದ್ದರೆ ಇಲ್ಲ. ಊರಿನವರು ಒಬ್ಬೊಬ್ಬರಾಗಿ ಬಂದು ನಿಂತರು. ಹೂವು ಅಲ್ಲಾಡಲಿಲ್ಲ. ಎಣ್ಣೆದೀಪದ ಬೆಳಕಿನಲ್ಲಿ ಪದಕಗಳು ನನ್ನನ್ನೇ ಅಣಕಿಸಿದಂತೆ ಮಿನುಗುತ್ತಿದ್ದವು. ಮುದುಕರು ಗುಸುಗುಸು ಶುರುಮಾಡಿದರು, ಅಮ್ಮನಿಗೆ ಮನಸ್ಸಿಲ್ಲ ಎಂದು. ನನ್ನ ತಾಳ್ಮೆ ಎಷ್ಟೆಂದು ಅಮ್ಮನಿಗಾದರೂ ಗೊತ್ತಿರಬೇಡವೇ?

"ಏನಮ್ಮಾ ತಾಯೀ" ಎಂದೆ ಗಟ್ಟಿಯಾಗಿ. "ನೀನೂ ಹೆಣ್ಣು, ನಾನೂ ಹೆಣ್ಣು. ಅವರನ್ನ ನೀರಾಗೆ ಕಾದೆ, ನಿನ್ನ ಪಾದಕ್ಕೆ ಬೀಳ್ತೀನಿ. ಆದ್ರೆ ಅವರ ಹೆಂಡ್ತಿ ನಾನು. ಅವರು ಗೆದ್ದಿದ್ದನ್ನ ಅವರ ಮೈ ಮ್ಯಾಲೆ ನಾನು ಕಣ್ಣಾರೆ ಕಂಡಿಲ್ಲ. ಎಲ್ಲಾ ನೀನೇ ಹಾಕ್ಕಂಡು ಮೆರದ್ರೆ ಹೆಂಗೆ? ನಿನಗೆ ಹೊಸ ಸೀರೆ ನಾನು ಉಡಿಸ್ತೀನಿ, ಕುಚ್ಚು ಕಟ್ಟಿ, ಫಾಲ್ಸ್ ಹಾಕಿ. ಎದ್ದು ಬಾ ಸುಮ್ನೆ!"

ಯಾರೋ ಕಿಸಕ್ಕನೆ ನಕ್ಕರು. ಬಲಭುಜದ ಹೂವು ಜಾರಿತು.

ಉರುಮೆ ಬಡಿದದ್ದೇನು, ಕೇಕೆ ಹಾಕಿದ್ದೇನು! ತಿಪ್ಪೇಶಪ್ಪ ನನ್ನ ತಲೆ ಮೇಲೆ ಭಂಡಾರ ಸುರಿದರು. ಅತ್ತೆ ಮಾತ್ರ ಹೂವನ್ನೆತ್ತಿ ಕಣ್ಣಿಗೊತ್ತಿಕೊಂಡು, "ಫಾಲ್ಸ್ ಅಂದ್ರೇನೇ?" ಎಂದು ಕಿವಿಯಲ್ಲಿ ಕೇಳಿದರು.

ನನ್ನದೊಂದು ಕೆಲಸ ಬಾಕಿಯಿತ್ತು. ಪದಕಗಳು ಕಪ್ಪು ದಾರದಲ್ಲಿ ಬಂದಹಾಗೆ ಪೋಣಿಸಿಕೊಂಡಿದ್ದವು. ಪಟ್ಟಿಗಳು ಎಣ್ಣೆ, ಕುಂಕುಮ ಕುಡಿದು ಬಣ್ಣವೇ ತಿಳಿಯದಂತಾಗಿದ್ದವು. ಒಂದನ್ನು ಇಲಿ ಕಡಿದಿತ್ತು. ಮುಂದಿನ ವಾರ ಮತ್ತೆ ಹೋದೆ. ನಮ್ಮವರ ಟ್ರಂಕಿನಲ್ಲಿದ್ದ ಹೊಸ ಪಟ್ಟಿಗಳನ್ನು ಅವರಿಗೆ ಕಾಣದಂತೆ ಒಯ್ದಿದ್ದೆ. ಹೊಸ್ತಿಲಿನ ಒಳಗೇ ಕುಳಿತು, ಬೆಳ್ಳಿಯದನ್ನು ಮೊದಲಿಟ್ಟು, ನೌಕಾಪಡೆಯ ಕ್ರಮದಲ್ಲೇ ಆರನ್ನೂ ನೀಲಿ ಮಖಮಲ್ಲಿನ ಪಟ್ಟಿಗೆ ಹೊಲಿದೆ. ಎಷ್ಟೋ ಮದುಮಗಳ ರವಿಕೆ ಹೊಲಿದಿದ್ದೇನೆ, ಎರಡೆರಡು ಸಲ ಬಿಚ್ಚಿ ಹೊಲಿದದ್ದು ಇದೊಂದನ್ನೇ. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಅಕ್ಷರ ಸವೆದಿದ್ದವು, ಆದರೆ ಹೊಳಪಿಗೆ ಕನ್ನಡಿಯೇ ಬೇಡ. ಆ ಪಟ್ಟಿಯನ್ನು ಅಮ್ಮನ ಸೀರೆಯ ಎಡಬದಿಗೆ ಕೂರಿಸಿದೆ.

ವಿಷಯ ತಿಳಿದಾಗ ನಮ್ಮವರು ನನ್ನ ಮೇಲೆ ಹರಿಹಾಯ್ದರು. ಹರಿಹಾಯುವುದೆಂದರೆ ಅವರ ಲೆಕ್ಕದಲ್ಲಿ ಎರಡು ಮಾತು. "ನನ್ನ ಮೆಡಲ್‌ಗೋಸ್ಕರ ಅಮ್ಮನ್ನ ಎಬ್ಬಿಸಿದ್ಯಾ? ನಾಚಿಕೆ ಆಗಲ್ವಾ?"

"ನಾನೆಲ್ಲಿ ಎಬ್ಬಿಸಿದೆ ರೀ, ಹೂವು ಎಬ್ಬಿಸ್ತು. ನಿಮ್ಮಮ್ಮನ್ನ ಕೇಳ್ರಿ" ಎಂದೆ.

ವಿಜಯ ದಿವಸದ ಬೆಳಿಗ್ಗೆ ಎರಡು ಟ್ರ್ಯಾಕ್ಟರಿನ ತುಂಬ ಕರಿಗುಡ್ಡದಹಳ್ಳಿ ಹೊನ್ನಾಳಿಗೆ ಬಂದಿಳಿಯಿತು. ಹೊಳೆಯ ದಡದಲ್ಲಿ ಪೂಜೆ. ಅಷ್ಟು ನೀರನ್ನು ಮೊದಲ ಸಲ ಕಂಡ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಬೆರಳ ತುದಿ ಅದ್ದಿ, "ಇದಕ್ಕಿಂತ ದೊಡ್ಡದೇನೋ ಸಮುದ್ರ?" ಎಂದು ಮಗನನ್ನು ಕೇಳಿದರು. ನಮ್ಮವರು ಮುಳುಗು ಹಾಕಿ ಎದ್ದರು. ಒದ್ದೆ ಪಂಚೆ, ಬರಿ ಮೈ, ಹಣೆ ತುಂಬ ಭಂಡಾರ. ತಿಪ್ಪೇಶಪ್ಪ ಅಮ್ಮನನ್ನು ಎತ್ತಿ ಅವರ ಎದೆಗೆ ಆನಿಸಿ ಬಟ್ಟೆ ಬಿಗಿದರು. ಪದಕಗಳು ನೆಟ್ಟಗೆ ಅವರ ಎಡ ಎದೆಯ ಮೇಲೆ ಬಂದು ಕುಳಿತವು. ಇರಬೇಕಾದ ಜಾಗ ಅದೇ. ಅಳತೆ ತೆಗೆದುಕೊಂಡೇ ಹೊಲಿದಿದ್ದೆ, ನಾನೇನು ದಡ್ಡಿಯೇ?

ಅತ್ತ ಬಸ್‌ಸ್ಟ್ಯಾಂಡಿನ ಮುಂದೆ ವಿರೂಪಾಕ್ಷಪ್ಪನವರು ಕೋಟು ಹಾಕಿಕೊಂಡು, ಪದಕದವರನ್ನೆಲ್ಲ ಸಾಲು ನಿಲ್ಲಿಸಿ, ಸೀಟಿ ಬಾಯಿಗಿ​ಟ್ಟುಕೊಂಡಿದ್ದರು. ನಂಬಿಯಾರ್ ಸಾಹೇಬರು ಜೀಪಿನ ಪಕ್ಕ ನಿಂತು, ಕೋಲೂರಿಕೊಂಡು, ಬಂದವರ ಮುಖಗಳಲ್ಲಿ ಯಾರನ್ನೋ ಹುಡುಕುತ್ತಿದ್ದರು. ಹೊಳೆ ಕಡೆಯಿಂದ ಉರುಮೆಯ ಸದ್ದು ಬಂತು. ಜನ ತಿರುಗಿದರು. ರಸ್ತೆಯ ತಿರುವಿನಲ್ಲಿ ನಮ್ಮವರು ಬರುತ್ತಿದ್ದರು. ಅಮ್ಮನನ್ನು ಹೊತ್ತವರು ಕುಣಿಯುತ್ತ ಬರುವುದು ವಾಡಿಕೆ, ಇವರ ಕಾಲಿಗೆ ಅದೆಲ್ಲಿ ಬರಬೇಕು! ಉರುಮೆ ಬಡಿದಂತೆ ಎಡ, ಬಲ, ಎಡ, ಬಲ ಎಂದು ಪರೇಡಿನ ಹೆಜ್ಜೆ ಹಾಕುತ್ತ ಬಂದರು. ಹಿಂದೆ ಇಡೀ ಕರಿಗುಡ್ಡದಹಳ್ಳಿಯೂ ಅದೇ ಹೆಜ್ಜೆ ಹಾಕುತ್ತಿತ್ತು. ಬಿಸಿಲಿಗೆ ಆರೂ ಪದಕ ಝಗ್ ಎಂದವು.

ವಿರೂಪಾಕ್ಷಪ್ಪನವರ ಬಾಯಿಂದ ಸೀಟಿ ಬಿತ್ತು.

ನಂಬಿಯಾರರು ಕೋಲನ್ನು ಜೀಪಿಗೆ ಒರಗಿಸಿದರು. ಬಗ್ಗಿ ಬೂಟು ಬಿಚ್ಚಿದರು, ಕಾಲುಚೀಲವನ್ನೂ ಬಿಚ್ಚಿದರು. ಬರಿಗಾಲಲ್ಲಿ ಕುಂಟುತ್ತ ರಸ್ತೆಯ ನಡುವೆ ಬಂದು ಅಮ್ಮನಿಗೆ ಕೈಮುಗಿದರು. ಆಮೇಲೆ ಪದಕಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಬೆಳ್ಳಿಯದರ ಮುಂದೆ ನಿಂತುಬಿಟ್ಟರು.

"ಇದು ಯಾವ್ದು ಸಾರ್?" ಎಂದರು ವಿರೂಪಾಕ್ಷಪ್ಪನವರು, ಸಣ್ಣ ದನಿಯಲ್ಲಿ.

"ಇದಾ?" ಎಂದು ನಂಬಿಯಾರರು ತಮ್ಮ ಮೈಸೂರಿನ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಮುಳುಗೋ ಕೋಣೇಲಿ ಬಾಗಿಲು ಹಾಕಿಸಿಕೊಂಡು, ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ನಿಂತಿದ್ದ, ಅದಕ್ಕೆ ಕೊಟ್ಟಿದ್ದು. ಈ ದೇವಿಗಿಂತ ಮುಂಚೆ ಇವನು ಹೊತ್ತಿದ್ದು ನನ್ನನ್ನ."

ಜನ ಹೋ ಎಂದಿತು. ನನ್ನ ಹೊಟ್ಟೆ ತಣ್ಣಗಾಯಿತು, ಅಷ್ಟೂ ವರ್ಷದ ಉರಿ ಒಂದೇ ಗಳಿಗೆಯಲ್ಲಿ ಆರಿತು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ವಿರೂಪಾಕ್ಷಪ್ಪನವರು ಒಳ್ಳೆಯವರೇ, ತಮ್ಮ ಸಾಲಿನವರಿಗೆ, "ಏ, ಎಲ್ಲಾ ಹಿಂದಕ್ಕೆ ಬರ್ರಪ್ಪ, ಅಮ್ಮ ಮುಂದೆ, ದುರುಗೇಶಣ್ಣ ಮುಂದೆ!" ಎಂದು ಕೂಗಿ, ನನ್ನ ಹತ್ತಿರ ಬಂದು, "ಕುರ್ಚಿ ಮಾತು ಮರತುಬಿಡ್ರಿ ಅಂತರಕ್ಕಾ" ಎಂದರು. ಮರೆಯುತ್ತೇನೆ ಎಂದು ಹೇಳಲಿಲ್ಲ, ಸುಮ್ಮನೆ ನಕ್ಕೆ.

ಅತ್ತೆ ಮಗನ ಪಕ್ಕದಲ್ಲೇ ಇದ್ದರು. ಮಗನ ಎದೆಯ ಮೇಲಿದ್ದ ಅಮ್ಮನ ಸೆರಗು ಸರಿಮಾಡುತ್ತ ತಿಪ್ಪೇಶಪ್ಪನವರಿಗೆ ಹೇಳಿದರು: "ಇವನೆದೆ ಯಾವ್ದು, ಅಮ್ಮನೆದೆ ಯಾವ್ದು, ಈಗ ನೀನೇ ಹೇಳು ನೋಡಾನ."

ಆಗ ನಂಬಿಯಾರ್ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು, ಮುರಿದು ಕೂಡಿದ ಕಾಲನ್ನೂ ನೆಟ್ಟಗೆ ಮಾಡಿ ನಿಂತು, ನಮ್ಮವರಿಗೆ ಸೆಲ್ಯೂಟ್ ಹೊಡೆದರು. ಅಧಿಕಾರಿ ಬಡಗಿಗೆ. ನಮ್ಮವರ ಎರಡೂ ಕೈ ಅಮ್ಮನನ್ನು ಹಿಡಿದಿದ್ದವು. ತಿರುಗಿ ಸೆಲ್ಯೂಟ್ ಹೊಡೆಯಲು ಕೈಯಿಲ್ಲ, ಬಟ್ಟೆ ಬಿಗಿದಿದ್ದರೂ ಹೊತ್ತವರು ಅಮ್ಮನಿಂದ ಕೈ ಬಿಡುವ ಹಾಗಿಲ್ಲ. ಕಣ್ಣಲ್ಲಿ ನೀರು ಧಾರೆಧಾರೆ. ಸಾಹೇಬರು ಕೈ ಇಳಿಸಲಿಲ್ಲ, ಕಾಯುತ್ತಲೇ ಇದ್ದರು. ಅತ್ತೆ ಒಮ್ಮೆ ಅವರನ್ನು ನೋಡಿದರು, ಒಮ್ಮೆ ಮಗನನ್ನು ನೋಡಿದರು. "ದೊಡ್ಡೋರು ಕೈ ಎತ್ತಿದ್ರೆ ಸುಮ್ನೆ ನಿಂತ್ಕಂತಾರೇನೋ" ಎಂದು ಗದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಕ್ಕುಗಟ್ಟಿದ ಕೈಯನ್ನು ಹಣೆಗೆ ಒಯ್ದು, ನನ್ನ ಗಂಡನ ಪರವಾಗಿ ಸೆಲ್ಯೂಟ್ ತಿರುಗಿಸಿದರು.